ಗಾಳ ಹಾಕುವವರಿಗೆ: ಮೀನಿನ ನೋವು ಕಡಿಮೆ ಮಾಡುವ ಸಮಗ್ರ ಮಾರ್ಗದರ್ಶಿ

ಭಾನುವಾರ ಬಂತೆಂದರೆ ತುಮಕೂರು ಜಿಲ್ಲೆಯ ಕೆರೆ ಏರಿಗಳ ಮೇಲೆ ಗಾಳ ಹಿಡಿದವರು ಕಾಣುತ್ತಾರೆ. ಮಾರ್ಕೋನಹಳ್ಳಿ, ಕುಣಿಗಲ್ ದೊಡ್ಡಕೆರೆ, ಗೊರವನಹಳ್ಳಿ ಹತ್ತಿರದ ತೀತಾ, ಹುಳಿಯಾರು ಕಡೆಯ ಬೋರನಕಣಿವೆ, ಎಲ್ಲ ಕಡೆಯೂ. ಬಿದಿರು ಕೋಲು ಹಿಡಿದ ಊರ ಹುಡುಗರಿದ್ದಾರೆ. ಆನ್‌ಲೈನಲ್ಲಿ ರಾಡು, ರೀಲು ತರಿಸಿಕೊಂಡು ಬೈಕಿನಲ್ಲಿ ಬರುವ ನೌಕರಸ್ಥರಿದ್ದಾರೆ. ಇವರಲ್ಲಿ ಹೆಚ್ಚಿನವರಿಗೆ ಮೀನು ಹೊಟ್ಟೆಪಾಡಲ್ಲ, ಖುಷಿ.

ಖುಷಿಗಾಗಿ ಒಂದು ಜೀವವನ್ನು ಗಾಳಕ್ಕೆ ಸಿಕ್ಕಿಸುತ್ತೇವೆ ಅಂದಮೇಲೆ ಅದರ ಹೊಣೆಯೂ ನಮ್ಮದೇ. ಗಾಳ ಬಾಯಿಗೆ ಚುಚ್ಚಿದ ಕ್ಷಣದಿಂದ ಆ ಮೀನು ಸಾಯುವವರೆಗೆ ಅಥವಾ ಈಜಿಕೊಂಡು ಹೋಗುವವರೆಗೆ ಏನೇನಾಗುತ್ತದೋ ಅಷ್ಟೂ ನಮ್ಮ ಕೈಯಲ್ಲಿರುತ್ತದೆ. ಆ ಹೊತ್ತನ್ನು ಎಷ್ಟು ಚಿಕ್ಕದು ಮಾಡಬಹುದು, ಎಷ್ಟು ಕಡಿಮೆ ನೋವಿನದ್ದು ಮಾಡಬಹುದು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೀನು ಹಿಡಿಯುವುದೇ ತಪ್ಪು ಅನ್ನುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರ ಮಾತನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಇದು ಗಾಳ ಹಾಕುತ್ತಿರುವವರಿಗಾಗಿ ಬರೆದದ್ದು.

ಮೀನಿಗೆ ನೋವಾಗುತ್ತದೆಯೇ?

'ಮೀನಿಗೇನು ಗೊತ್ತಾಗುತ್ತೆ ಬಿಡಿ' ಎಂಬ ಮಾತು ಏರಿ ಮೇಲೆ ಸಾಮಾನ್ಯ. 2003ರಲ್ಲಿ ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಅವರ ಜೊತೆಗಾರರು ರೇನ್‌ಬೋ ಟ್ರೌಟ್ ಮೀನುಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ನೋವಿನ ಸುದ್ದಿ ಒಯ್ಯುವ ನರಗಳು ಆ ಮೀನಿನ ತಲೆ ಮತ್ತು ಬಾಯಿಯ ಸುತ್ತ ಸಿಕ್ಕವು. ತುಟಿಗೆ ಜೇನುನೊಣದ ವಿಷ ಅಥವಾ ಆಮ್ಲ ಚುಚ್ಚಿದಾಗ ಮೀನುಗಳು ಜೋರಾಗಿ ಉಸಿರಾಡಿದವು, ಅತ್ತಿತ್ತ ತೂಗಾಡಿದವು. ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ಕಲ್ಲಿಗೆ ಉಜ್ಜಿದವು. ಸುಮಾರು ಮೂರು ಗಂಟೆ ಆಹಾರ ಮುಟ್ಟಲಿಲ್ಲ. ನೋವು ನಿವಾರಕ ಕೊಟ್ಟಾಗ ಈ ಒದ್ದಾಟ ಕಡಿಮೆಯಾಯಿತು.

ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಮನುಷ್ಯನಲ್ಲಿ ನೋವಿನ ಅರಿವು ಹುಟ್ಟುವ ಮೆದುಳಿನ ಹೊರಪದರ ಮೀನಿಗಿಲ್ಲ, ಆದ್ದರಿಂದ ನಮ್ಮಂತೆ ನೋವು ಪಡಲಾರದು ಎಂದು ಅವರ ವಾದ. ವಾದ ನಡೆಯಲಿ. ಅನುಮಾನ ಇರುವಲ್ಲಿ ಅದರ ಲಾಭ ಮೀನಿಗೆ ಸಿಗಬೇಕು ಅನ್ನುವುದು ನನ್ನ ನಿಲುವು. ಯಾಕೆಂದರೆ ನೋವಾಗುತ್ತದೆ ಎಂದುಕೊಂಡು ಜಾಗ್ರತೆ ವಹಿಸಿದರೆ ನಮಗೆ ಹೋಗುವುದು ಏನೂ ಇಲ್ಲ.

ಮೊದಲ ಹೆಜ್ಜೆ: ತಿನ್ನಲಿಕ್ಕೋ, ಬಿಡಲಿಕ್ಕೋ?

ಗಾಳ ಎಸೆಯುವ ಮೊದಲೇ ಇದನ್ನು ತೀರ್ಮಾನ ಮಾಡಿ. ಮೀನು ಕೈಗೆ ಬಂದ ಮೇಲೆ 'ಇಟ್ಟುಕೊಳ್ಳೋಣವಾ, ಬಿಡೋಣವಾ' ಎಂದು ಯೋಚಿಸುತ್ತಾ ಕೂತರೆ ಆ ಎರಡು ನಿಮಿಷ ಮೀನು ಉಸಿರುಗಟ್ಟಿ ಒದ್ದಾಡುತ್ತದೆ.

ಹಿಡಿದು ಬಿಟ್ಟರೆ ಪಾಪ ಇಲ್ಲ, ಕೊಂದು ತಿಂದರೆ ಪಾಪ ಅನ್ನುವ ಭಾವನೆ ಈಗ ಜಾಸ್ತಿಯಾಗಿದೆ. ಇದು ಅಷ್ಟು ಸರಳ ಅಲ್ಲ. ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಹಿಡಿದು ಬಿಟ್ಟ ಮೀನುಗಳ ಬಗ್ಗೆ ನಡೆದ ನೂರಾರು ಲೆಕ್ಕಗಳನ್ನು ಒಟ್ಟು ಮಾಡಿ 2005ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಸರಾಸರಿ ಶೇ 18ರಷ್ಟು ಮೀನು ಸತ್ತಿದ್ದು ಕಂಡುಬಂತು. ಮೀನಿನ ಜಾತಿ, ನೀರಿನ ಬಿಸಿ, ಗಾಳ ಎಲ್ಲಿ ಚುಚ್ಚಿತು ಅನ್ನುವುದರ ಮೇಲೆ ಇದು ತುಂಬಾ ಹೆಚ್ಚುಕಡಿಮೆ ಆಗುತ್ತದೆ. ಆದರೂ ಯೋಚಿಸಿ: ಒಂದು ದಿನದಲ್ಲಿ 20 ಮೀನು ಹಿಡಿದು ಬಿಟ್ಟವರು, ಎರಡು ಹಿಡಿದು ಮನೆಗೆ ಒಯ್ದವರಿಗಿಂತ ಜಾಸ್ತಿ ಮೀನು ಕೊಂದಿರಬಹುದು. ಅದೂ ನಿಧಾನವಾಗಿ, ಯಾರ ಕಣ್ಣಿಗೂ ಬೀಳದಂತೆ.

ಸ್ವಿಟ್ಜರ್ಲೆಂಡ್ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಅಲ್ಲಿ 2009ರಿಂದ ನಿಷೇಧಿಸಿದ್ದಾರೆ. ತಿನ್ನಲು ಹಿಡಿಯಬಹುದು, ಬರೀ ಆಟಕ್ಕೆ ಹಿಡಿಯುವ ಹಾಗಿಲ್ಲ. ನಮ್ಮಲ್ಲಿ ಅಂಥ ಕಾನೂನು ಬೇಕೋ ಬೇಡವೋ ಅನ್ನುವುದು ಬೇರೆ ಮಾತು. ಆದರೆ ಮನೆಗೆ ಬೇಕಾದಷ್ಟೇ ಹಿಡಿದು, ತಕ್ಷಣ ಕೊಂದು, ಅಲ್ಲಿಗೆ ಗಾಳ ಮಡಚುವವರ ದಾರಿಯೇ ನೇರ ಎಂದು ನನಗೆ ಅನ್ನಿಸುತ್ತದೆ. ಮನೆಯಲ್ಲಿ ಮೀನು ಮಾಡುವುದಿಲ್ಲ, ಬಿಡಲೇಬೇಕು ಅನ್ನುವವರು ಒಂದೆರಡು ಮೀನಿಗೆ ನಿಲ್ಲಿಸಿ. ಉಳಿದ ಹೊತ್ತು ಏರಿ ಮೇಲೆ ಸುಮ್ನೆ ಕೂತರೂ ದಿನ ಚೆನ್ನಾಗಿಯೇ ಹೋಗುತ್ತದೆ, ಅಲ್ವಾ?

ಯಾರ ಕೆರೆ, ಯಾರ ಮೀನು?

ಕೆರೆ ನೀರು ಎಲ್ಲರದ್ದು, ಮೀನು ಮಾತ್ರ ಹಾಗಲ್ಲ. ದೊಡ್ಡ ಕೆರೆ, ಜಲಾಶಯಗಳ ಮೀನು ಪಾಶುವಾರು ಹಕ್ಕನ್ನು, ಅಂದರೆ ಮೀನು ಹಿಡಿಯುವ ಹಕ್ಕನ್ನು, ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ. ಚಿಕ್ಕ ಕೆರೆಗಳದ್ದು ಗ್ರಾಮ ಪಂಚಾಯಿತಿ ಹರಾಜು. ಗುತ್ತಿಗೆ ಹಿಡಿದವರು, ಎಷ್ಟೋ ಕಡೆ ಮೀನುಗಾರರ ಸಹಕಾರ ಸಂಘದವರು, ದುಡ್ಡು ಕೊಟ್ಟು ಕಾಟ್ಲಾ, ರೋಹು, ಮೃಗಾಲ್, ಗೆಂಡೆ ಮರಿ ಬಿತ್ತನೆ ಮಾಡಿರುತ್ತಾರೆ. ಅದು ಅವರ ಬೆಳೆ. ಕೇಳದೆ ಹಿಡಿದರೆ ಒಂದು ಸಂಸಾರದ ಅನ್ನಕ್ಕೆ ಕೈ ಹಾಕಿದಂತೆ. ಮೀನಿನ ನೋವಿನ ಬಗ್ಗೆ ಮಾತಾಡುವವರು ಮನುಷ್ಯರ ಕಷ್ಟವನ್ನೂ ನೋಡಬೇಕು.

ಆದ್ದರಿಂದ ಮೊದಲು ಹೋಗಿ ಕೇಳಿ. ಏರಿ ಹತ್ತಿರದ ಅಂಗಡಿಯಲ್ಲಿ ವಿಚಾರಿಸಿದರೆ ಕೆರೆ ಯಾರದ್ದು ಅಂತ ಹೇಳುತ್ತಾರೆ. 'ಅಣ್ಣ, ಗಾಳದಲ್ಲಿ ಒಂದೆರಡು ಹಿಡ್ಕೊಳ್ಳಲಾ?' ಎಂದು ಕೇಳಿ. ಎಷ್ಟು ದೊಡ್ಡದು ಹಿಡಿಯಬಹುದು, ಯಾವುದನ್ನು ಬಿಡಬೇಕು, ಇತ್ತೀಚೆಗೆ ಮರಿ ಬಿಟ್ಟಿದ್ದಾರಾ ಅನ್ನುವುದನ್ನೂ ಕೇಳಿ. ಜಲಾಶಯವಾದರೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಪರವಾನಗಿ ವಿಚಾರ ತಿಳಿದುಕೊಳ್ಳಿ. ಬುಗುಡನಹಳ್ಳಿಯಂಥ ಕುಡಿಯುವ ನೀರಿನ ಕೆರೆ, ದೇವಸ್ಥಾನದ ಕಲ್ಯಾಣಿ, ಇವುಗಳ ತಂಟೆಗೆ ಹೋಗಲೇಬೇಡಿ.

ಸಿಡಿಮದ್ದು ಹಾಕುವುದು, ನೀರಿಗೆ ವಿಷ ಬೆರೆಸುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ನಮ್ಮ ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಬ್ಲೀಚಿಂಗ್ ಪುಡಿ, ಕರೆಂಟು ಬಿಡುವುದು, ಇವೆಲ್ಲ ಕಣ್ಣಿಗೆ ಬಿದ್ದರೆ ಸುಮ್ಮನಿರಬೇಡಿ. ಮೀನಿನ ಜೊತೆ ಮರಿ, ಕಪ್ಪೆ, ಆಮೆ ಎಲ್ಲ ಸಾಯುತ್ತವೆ. ಕರೆಂಟಿಗೆ ಮನುಷ್ಯರೂ ಸಾಯುತ್ತಾರೆ.

ಯಾವ ದಿನ, ಯಾವ ಹೊತ್ತು?

ಇದನ್ನು ಹೆಚ್ಚಿನವರು ಮೀನು ಕಚ್ಚುವ ಲೆಕ್ಕದಲ್ಲಿ ನೋಡುತ್ತಾರೆ. ನೀವು ಮೀನಿನ ಉಸಿರಿನ ಲೆಕ್ಕದಲ್ಲೂ ನೋಡಿ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ಇನ್ನೂ ಸ್ವಲ್ಪ ಕಡಿಮೆ. ಬೇಸಿಗೆಯಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಕೆರೆ ಬತ್ತಿ ಅಂಗಳದ ಮಧ್ಯೆ ಒಂದಿಷ್ಟು ನೀರು ನಿಂತಿರುವಾಗ ಗಾಳಕ್ಕೆ ಎಳೆದಾಡಿಸಿಕೊಂಡ ಮೀನು ಚೇತರಿಸಿಕೊಳ್ಳುವುದು ಕಷ್ಟ. ಆ ತಿಂಗಳುಗಳಲ್ಲಿ 'ಹಿಡಿದು ಬಿಡುತ್ತೇನೆ' ಎನ್ನುವ ಮಾತೇ ಬೇಡ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬೆಳಗಿನ ಜಾವ ನೀರು ತಂಪು, ಆಗ ಮೀನಿಗೆ ಹಿತ ಎಂದುಕೊಳ್ಳುತ್ತೇವೆ. ತಿಳಿನೀರಿನ ಜಲಾಶಯದಲ್ಲಿ ಅದು ಸರಿ. ಆದರೆ ಚರಂಡಿ ನೀರು ಸೇರಿ ಪಾಚಿಗಟ್ಟಿ ಹಸಿರಾದ ಕೆರೆಯಲ್ಲಿ ಅದು ತಲೆಕೆಳಗು. ಪಾಚಿ ಹಗಲು ಬಿಸಿಲಲ್ಲಿ ಆಮ್ಲಜನಕ ಬಿಡುತ್ತದೆ. ರಾತ್ರಿಯಿಡೀ ತಾನೇ ಉಸಿರಾಡಿ ಅದನ್ನು ಬಳಸುತ್ತದೆ. ಸೂರ್ಯ ಹುಟ್ಟುವ ಮೊದಲು ಇಂಥ ಕೆರೆಯಲ್ಲಿ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರೆ ಅವು ಹಸಿದಿಲ್ಲ, ಉಸಿರಿಗೆ ಒದ್ದಾಡುತ್ತಿವೆ. ಅಂಥ ದಿನ ಗಾಳ ಬಿಚ್ಚದೆ ವಾಪಸ್ ಬನ್ನಿ.

ಗಾಳ, ದಾರ, ಗುಂಡು

ಗಾಳದ ತುದಿ ಹತ್ತಿರ ಹಿಂದಕ್ಕೆ ಚಾಚಿಕೊಂಡ ಒಂದು ಚಿಕ್ಕ ಮುಳ್ಳಿರುತ್ತದೆ. ಒಳಹೋದ ಗಾಳ ಹೊರಗೆ ಬಾರದಂತೆ ತಡೆಯುವುದು ಅದೇ. ಬಿಡಿಸುವಾಗ ಬಾಯಿ ಹರಿಯುವುದೂ ಅದರಿಂದಲೇ. ಇಕ್ಕಳದಿಂದ ಆ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ. ಒಂದು ಗಾಳಕ್ಕೆ ಅರ್ಧ ನಿಮಿಷದ ಕೆಲಸ. ಹತ್ತಿಬಟ್ಟೆಗೆ ಚುಚ್ಚಿ ಎಳೆದು ನೋಡಿ, ನೂಲು ಸಿಕ್ಕಿಕೊಳ್ಳದೆ ಬಂದರೆ ಸರಿಯಾಗಿದೆ. ಮೀನು ತಪ್ಪಿಸಿಕೊಳ್ಳುತ್ತದೆ ಎಂದು ಹೆದರಬೇಡಿ. ದಾರ ಸಡಿಲ ಬಿಡದಿದ್ದರೆ ಸಾಕು. ಇನ್ನೊಂದು ಲಾಭ ಇದೆ. ಅದೇ ಗಾಳ ನಿಮ್ಮ ಬೆರಳಿಗೆ ಚುಚ್ಚಿದರೆ ಸಲೀಸಾಗಿ ಬರುತ್ತದೆ.

ಮೀನು ಬದುಕುತ್ತದೋ ಇಲ್ಲವೋ ಅನ್ನುವುದನ್ನು ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಗಾಳ ಎಲ್ಲಿ ಚುಚ್ಚಿತು ಅನ್ನುವುದು. ತುಟಿಗೆ ಚುಚ್ಚಿದರೆ ಬಹುಪಾಲು ಬದುಕುತ್ತವೆ. ಗಂಟಲು, ಹೊಟ್ಟೆ, ಕಿವಿರಿಗೆ ಚುಚ್ಚಿದರೆ ಬಹಳಷ್ಟು ಸಾಯುತ್ತವೆ. ಎರೆ ಹಾಕಿ ಕಾಯುವವರು ಸರ್ಕಲ್ ಹುಕ್ ಬಳಸುವುದು ಒಳ್ಳೆಯದು. ಇದರ ತುದಿ ಒಳಕ್ಕೆ ಬಾಗಿರುತ್ತದೆ. ಮೀನು ನುಂಗಿಕೊಂಡರೂ ಎಳೆಯುವಾಗ ಜಾರಿಕೊಂಡು ಬಂದು ಬಾಯಿಯ ಮೂಲೆಗೆ ಸಿಕ್ಕುತ್ತದೆ. ಒಂದೇ ನಿಯಮ: ಬೆಂಡು ಮುಳುಗಿದ ಕೂಡಲೇ ಜೋರಾಗಿ ಜಗ್ಗಬಾರದು. ನಿಧಾನವಾಗಿ ಸುತ್ತಿಕೊಳ್ಳುತ್ತಾ ಬನ್ನಿ.

ಹಿಟ್ಟಿನ ದೊಡ್ಡ ಉಂಡೆಯ ಸುತ್ತ ಐದಾರು ಗಾಳ ಸಿಕ್ಕಿಸಿ ಎಸೆಯುವ ಪದ್ಧತಿ ನಮ್ಮ ಕಡೆ ಇದೆ. ಕಾಟ್ಲಾ, ಗೆಂಡೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ ನಿಜ. ಆದರೆ ಒಂದು ಗಾಳ ಬಾಯಿಗೆ ಚುಚ್ಚಿದರೆ ಉಳಿದವು ಮೀನು ಒದ್ದಾಡುವಾಗ ಕಣ್ಣಿಗೆ, ಹೊಟ್ಟೆಗೆ, ಕಿವಿರಿಗೆ ಸಿಕ್ಕಿಕೊಳ್ಳುತ್ತವೆ. ಇದನ್ನು ಬಿಟ್ಟುಬಿಡಿ ಎಂದು ನೇರವಾಗಿ ಹೇಳುತ್ತೇನೆ. ಒಂದು ದಾರಕ್ಕೆ ಒಂದು ಗಾಳ ಸಾಕು. ಮೂರು ಮೊನೆಯ ಗಾಳ ಇರುವ ಲ್ಯೂರ್ (ನಕಲಿ ಎರೆ) ಕೊಂಡಿದ್ದರೆ ಅದನ್ನು ತೆಗೆದು ಒಂಟಿ ಗಾಳ ಹಾಕಿಕೊಳ್ಳಿ.

ದಾರ ತೆಳ್ಳಗಿದ್ದರೆ ಆಟ ಚೆನ್ನಾಗಿರುತ್ತದೆ ಎಂದು ಕೆಲವರು ಬೇಕೆಂದೇ ತೆಳು ದಾರ ಹಾಕುತ್ತಾರೆ. ಆ ಆಟದಲ್ಲಿ ಮೀನು ಸೋತು ಸುಣ್ಣವಾಗುತ್ತದೆ. ದಾರ ಹರಿದರಂತೂ ಬಾಯಲ್ಲಿ ಗಾಳ, ಹಿಂದೆ ಮಾರುಗಟ್ಟಲೆ ನೈಲಾನ್ ಎಳೆದುಕೊಂಡೇ ಅದು ತಿರುಗಬೇಕು. ದೊಡ್ಡ ಕಾಟ್ಲಾ ಇರುವ ಕೆರೆಯಾದರೆ ಹತ್ತು ಕೆಜಿ ಭಾರ ತಡೆಯುವ ದಾರ ಇರಲಿ. ಭಾರಕ್ಕೆ ಸೀಸದ ಗುಂಡಿನ ಬದಲು ಗ್ಯಾರೇಜಿನ ಹಳೇ ಕಬ್ಬಿಣದ ನಟ್ಟು ಕಟ್ಟಿ. ಸೀಸ ವಿಷ. ಕಳೆದುಹೋದ ಗುಂಡು ನೀರುಹಕ್ಕಿಗಳ ಹೊಟ್ಟೆ ಸೇರಬಹುದು.

ಜೊತೆಗೆ ಒಯ್ಯಬೇಕಾದದ್ದು ಇಷ್ಟೇ: ಉದ್ದ ಮೂತಿಯ ಇಕ್ಕಳ, ಕತ್ತರಿ, ಗಂಟಿಲ್ಲದ ನುಣುಪು ಬಲೆಯ ಕೈಬಲೆ, ಗಟ್ಟಿ ಮರದ ಗಿಡ್ಡ ತುಂಡು, ಹರಿತವಾದ ಚಾಕು. ಇಕ್ಕಳ ಮತ್ತು ಮರದ ತುಂಡು ಇಲ್ಲದಿದ್ದರೆ ಅವತ್ತು ಗಾಳ ಹಾಕಬೇಡಿ.

ಎರೆ

ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ, ಮೈದಾ, ಬ್ರೆಡ್ಡು, ಇವುಗಳಲ್ಲೇ ನಮ್ಮ ಕೆರೆಯ ಮುಕ್ಕಾಲುಪಾಲು ಮೀನು ಸಿಗುತ್ತವೆ. ಮೀನು ಸೇರಲಿ ಎಂದು ಕೆಜಿಗಟ್ಟಲೆ ಹಿಂಡಿ ಎರಚಬೇಡಿ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ನೀರು ಕೆಡಿಸುತ್ತದೆ.

ಕೊರಮೀನಿಗೆ ಜೀವಂತ ಕಪ್ಪೆಯನ್ನೋ ಚಿಕ್ಕ ಮೀನನ್ನೋ ಬೆನ್ನಿಗೆ ಗಾಳ ಚುಚ್ಚಿ ಬಿಡುತ್ತಾರೆ. ಅದು ಗಂಟೆಗಟ್ಟಲೆ ಒದ್ದಾಡುವುದೇ ಇಲ್ಲಿ ಆಕರ್ಷಣೆ. ಒಂದು ಮೀನಿಗೋಸ್ಕರ ಇನ್ನೊಂದು ಜೀವವನ್ನು ಹೀಗೆ ಹಿಂಸಿಸುವುದಕ್ಕೆ ನನಗೆ ಯಾವ ಸಮಾಧಾನವೂ ಸಿಕ್ಕಿಲ್ಲ. ರಬ್ಬರ್ ಕಪ್ಪೆ ಅಂಗಡಿಯಲ್ಲೂ ಆನ್‌ಲೈನಲ್ಲೂ ಸಿಗುತ್ತದೆ. ಕೊರಮೀನು ಅದಕ್ಕೂ ಅಷ್ಟೇ ಜೋರಾಗಿ ಎರಗುತ್ತದೆ.

ಕಚ್ಚಿದ ಮೇಲೆ

ಗಾಳ ಹಾಕಿದ ಮೇಲೆ ಎದ್ದು ಹೋಗಬೇಡಿ. ಸಂಜೆ ಕಟ್ಟಿ ಬೆಳಗ್ಗೆ ಬಂದು ನೋಡುವ ಗಾಳಕ್ಕೆ ಸಿಕ್ಕ ಮೀನು ರಾತ್ರಿಯಿಡೀ ನೇತಾಡುತ್ತದೆ. ಹಾವು, ಆಮೆಗಳೂ ಸಿಕ್ಕಿಕೊಳ್ಳುತ್ತವೆ.

ಕಚ್ಚಿದ ಮೀನನ್ನು ಆಟ ಆಡಿಸದೆ ಬೇಗ ದಡಕ್ಕೆ ತನ್ನಿ. ಒದ್ದಾಡಿದಷ್ಟೂ ಅದರ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ಸೇರುತ್ತದೆ, ಓಡಿ ಸುಸ್ತಾದಾಗ ನಮ್ಮ ಮಾಂಸಖಂಡಗಳಲ್ಲಿ ಸೇರುವ ಹಾಗೆ. ಏರಿಯ ಕಲ್ಲುಕಟ್ಟಣೆ ಮೇಲೆ ಎಳೆದುಕೊಂಡು ಬರಬೇಡಿ. ಬಿಸಿ ಕಲ್ಲಿಗೆ ಉಜ್ಜಿ ಹುರುಪೆ ಕಿತ್ತು ಬರುತ್ತದೆ. ನೀರಿಗೆ ಇಳಿಜಾರಾಗಿ ಇಳಿಯಬಹುದಾದ ಜಾಗವನ್ನು ಗಾಳ ಹಾಕುವ ಮೊದಲೇ ನೋಡಿಟ್ಟುಕೊಂಡು ಅಲ್ಲಿ ಕೈಬಲೆ ಹಾಕಿ.

ಬಿಡುವುದಾದರೆ

ಗಾಳಿಯಲ್ಲಿ ಇಡುವ ಹೊತ್ತೇ ಇಲ್ಲಿ ಎಲ್ಲವೂ. 1992ರಲ್ಲಿ ಕೆನಡಾದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೇನ್‌ಬೋ ಟ್ರೌಟ್‌ಗಳನ್ನು ಸುಸ್ತಾಗುವವರೆಗೆ ಓಡಿಸಿ ನೀರಿನಿಂದ ಎತ್ತಿ ಹಿಡಿದು ನೋಡಿದರು. ಎತ್ತದೆ ಬಿಟ್ಟವುಗಳಲ್ಲಿ ಶೇ 12 ಸತ್ತವು. 30 ಸೆಕೆಂಡು ಎತ್ತಿದವುಗಳಲ್ಲಿ ಶೇ 38. ಒಂದು ನಿಮಿಷ ಎತ್ತಿದವುಗಳಲ್ಲಿ ಶೇ 72. ಟ್ರೌಟ್ ತಂಪು ನೀರಿನ ಸೂಕ್ಷ್ಮ ಮೀನು, ನಮ್ಮ ಗೆಂಡೆ ಅದಕ್ಕಿಂತ ಗಟ್ಟಿ. ಆದರೂ ದಿಕ್ಕು ಒಂದೇ. ನೀರಿಲ್ಲದಾಗ ಕಿವಿರಿನ ಸೂಕ್ಷ್ಮ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಸಿರು ನಿಲ್ಲುತ್ತದೆ. ನಾವು ಓಡಿ ಬಂದು ಏದುಸಿರು ಬಿಡುತ್ತಿರುವಾಗಲೇ ಯಾರೋ ಮೂಗು, ಬಾಯಿ ಮುಚ್ಚಿದರೆ ಏನಾಗುತ್ತದೋ ಮೀನಿಗೆ ಆಗುವುದೂ ಅದೇ.

ಆದ್ದರಿಂದ ಕೈಬಲೆಯಲ್ಲಿ ನೀರೊಳಗೇ ಇಟ್ಟು ಗಾಳ ಬಿಡಿಸಿ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಮೀನಿನ ಮೈಮೇಲಿನ ಲೋಳೆ ಅದನ್ನು ರೋಗದಿಂದ ಕಾಯುವ ಪದರ. ಒಣಗೈ, ಟವೆಲ್, ಗೋಣಿಚೀಲ ಅದನ್ನು ಒರೆಸಿಬಿಡುತ್ತವೆ. ಬಾಯಿಗೋ ಕಿವಿರಿಗೋ ಬೆರಳು ಹಾಕಿ ನೇತುಹಾಕಬೇಡಿ. ನೀರಿನಲ್ಲಿ ತೂಕವೇ ಗೊತ್ತಾಗದ ದೇಹ ಅದು, ನೇರ ತೂಗಿದರೆ ದವಡೆ, ಬೆನ್ನೆಲುಬಿಗೆ ಪೆಟ್ಟಾಗುತ್ತದೆ. ಒಂದು ಕೈ ಬಾಲದ ಬುಡದಲ್ಲಿ, ಇನ್ನೊಂದು ಹೊಟ್ಟೆಯ ಕೆಳಗೆ, ಅಡ್ಡಲಾಗಿ.

ಗಾಳ ತುಟಿಗೆ ಚುಚ್ಚಿದ್ದರೆ ಇಕ್ಕಳದಲ್ಲಿ ಹಿಡಿದು ಒಳಹೋದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ ತೆಗೆಯಿರಿ. ಗಂಟಲೊಳಗೆ ಹೋಗಿದ್ದರೆ ಕೀಳಬೇಡಿ. ದಾರವನ್ನು ಬಾಯಿಯ ಹತ್ತಿರಕ್ಕೆ ಕತ್ತರಿಸಿ ಬಿಡಿ. ಒಳಗಿದ್ದ ಗಾಳವನ್ನು ಎಷ್ಟೋ ಮೀನುಗಳು ಕೆಲವು ದಿನಗಳಲ್ಲೋ ವಾರಗಳಲ್ಲೋ ಹೊರಹಾಕುತ್ತವೆ. ಎಳೆದು ಕಿತ್ತರೆ ಬದುಕುವ ಅವಕಾಶ ಅದಕ್ಕಿಂತ ಕಡಿಮೆ. ಆದರೆ ಕಿವಿರಿನಿಂದ ರಕ್ತ ಸುರಿಯುತ್ತಿದ್ದರೆ ಅದನ್ನು ಬಿಡುವುದು ದಯೆ ಅಲ್ಲ. ಬಿಡಬೇಕೆಂದು ಬಂದಿದ್ದರೂ ಅದನ್ನು ತಕ್ಷಣ ಕೊಲ್ಲಿ. ತಿನ್ನುವವರಿಗೆ ಕೊಡಿ.

ಫೋಟೋ ಬೇಕೇ ಬೇಕು ಅನ್ನುವವರು ಗೆಳೆಯನಿಗೆ ಮೊದಲೇ ಫೋನು ಕೊಟ್ಟು ಸಿದ್ಧ ಇರಲು ಹೇಳಿ. ಮೀನು ನೀರಲ್ಲೇ ಇರಲಿ, ಎತ್ತಿದರೆ ಐದು ಸೆಕೆಂಡು, ನೀರು ತೊಟ್ಟಿಕ್ಕುತ್ತಿರುವಾಗಲೇ ವಾಪಸ್. ಮುತ್ತು ಕೊಡುವುದು, ಮೂರು ಕೋನದಲ್ಲಿ ರೀಲ್ಸ್ ಮಾಡುವುದು, ಇದಕ್ಕೆಲ್ಲ ಮೀನು ತನ್ನ ಉಸಿರು ತೆರುತ್ತದೆ.

ಬಿಡುವಾಗ ಎಸೆಯಬೇಡಿ. ನೀರೊಳಗೆ ನೆಟ್ಟಗೆ ಹಿಡಿದು ನಿಲ್ಲಿ. ಹಿಂದಕ್ಕೂ ಮುಂದಕ್ಕೂ ಆಡಿಸುವ ಅಭ್ಯಾಸ ಹಲವರಿಗಿದೆ, ಅದು ಬೇಡ. ಕಿವಿರಿಗೆ ನೀರು ಹೋಗಬೇಕಾದದ್ದು ಬಾಯಿಯಿಂದ, ಹಿಂದಿನಿಂದಲ್ಲ. ಕೈ ಸಡಿಲಿಸಿದಾಗ ಮಗುಚಿಕೊಳ್ಳದೆ ನಿಂತರೆ, ಬಾಲ ಹಿಡಿದಾಗ ಜಾಡಿಸಿದರೆ, ಅದು ಹೋಗಲು ತಯಾರು. ಹೊಟ್ಟೆ ಮೇಲಾಗಿ ವಾಲುತ್ತಿದ್ದರೆ ಇನ್ನೂ ಹಿಡಿದಿರಿ. ಹಿಡಿದ ಮೀನನ್ನು ನೀರಿಗೆ ಬಿಡುವುದು ಚೆಲ್ಲಾಟದ ಕೆಲಸ ಅಲ್ಲ, ಅದಕ್ಕೆ ಹೊತ್ತು ಕೊಡಿ.

ತಿನ್ನುವುದಾದರೆ

ಇಲ್ಲಿಯೇ ನಾವು ಅತಿ ಹೆಚ್ಚು ನೋವು ಕೊಡುವುದು, ಇಲ್ಲಿಯೇ ಅತಿ ಸುಲಭವಾಗಿ ಅದನ್ನು ತಪ್ಪಿಸಬಹುದು. ಹಿಡಿದ ಮೀನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪಕ್ಕಕ್ಕಿಟ್ಟು ಮತ್ತೆ ಗಾಳ ಎಸೆಯುತ್ತೇವೆ. ಚೀಲ ಪಟಪಟ ಎನ್ನುತ್ತಲೇ ಇರುತ್ತದೆ. ಕಿವಿರಿಗೆ ದಾರ ಪೋಣಿಸಿ ನೀರಲ್ಲಿ ಕಟ್ಟುವುದೂ ಉಂಟು. ಐಸ್ ಪೆಟ್ಟಿಗೆಗೆ ಜೀವಂತ ಹಾಕಿದರೂ ಸಾವು ನಿಧಾನವೇ.

ಹೀಗೆ ಮಾಡಿ. ಮೀನು ದಡಕ್ಕೆ ಬಂದ ಕೂಡಲೇ, ಗಾಳ ಬಿಡಿಸುವುದಕ್ಕೂ ಮೊದಲು, ಒದ್ದೆ ಬಟ್ಟೆಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಮರದ ತುಂಡಿನಿಂದ ತಲೆಯ ಮೇಲ್ಭಾಗಕ್ಕೆ, ಕಣ್ಣುಗಳಿಗಿಂತ ಸ್ವಲ್ಪ ಹಿಂದೆ, ಜೋರಾಗಿ ಒಂದು ಏಟು ಹಾಕಿ. ಬೇಕಾದರೆ ಇನ್ನೊಂದು. ಹಿಂಜರಿದು ಮೆಲ್ಲಗೆ ಹೊಡೆಯುವುದು ಕರುಣೆ ಅಲ್ಲ, ಅದರಿಂದ ನೋವು ಜಾಸ್ತಿ. ಆಮೇಲೆ ನೋಡಿ: ಕಿವಿರು ಮುಚ್ಚಳ ಲಯವಾಗಿ ಆಡುವುದು ನಿಂತಿರಬೇಕು. ಮೀನನ್ನು ಹೊರಳಿಸಿದಾಗ ಕಣ್ಣು ತಿರುಗದೆ ನೆಟ್ಟಗೆ ನಿಂತಿರಬೇಕು. ಕಣ್ಣು ಹೊರಳುತ್ತಿದ್ದರೆ ಅರಿವು ಇನ್ನೂ ಇದೆ, ಮತ್ತೆ ಹೊಡೆಯಿರಿ. ಮೈ ಸ್ವಲ್ಪ ಅದುರಬಹುದು, ಅದು ನರಗಳ ಕೆಲಸ.

ಅರಿವು ತಪ್ಪಿದ್ದು ಖಚಿತವಾದ ಮೇಲೆ ಕಿವಿರಿನ ಬುಡವನ್ನು ಎರಡೂ ಕಡೆ ಚಾಕುವಿನಿಂದ ಕತ್ತರಿಸಿ ರಕ್ತ ಹರಿಯಲು ಬಿಡಿ. ಏಟಿನ ಬಳಿಕ ಇದನ್ನು ಬಿಡಬಾರದು, ಕೆಲವು ಮೀನು ಮತ್ತೆ ಎಚ್ಚರಗೊಳ್ಳುತ್ತವೆ. ಜಪಾನಿನ ಮೀನುಗಾರರು ಚೂಪಾದ ಮೊಳೆಯಿಂದ ನೇರ ಮೆದುಳಿಗೆ ಚುಚ್ಚುವ ಇಕೆಜಿಮೆ ಎಂಬ ವಿಧಾನ ಬಳಸುತ್ತಾರೆ. ಕಲಿತವರ ಕೈಯಲ್ಲಿ ಅದು ಇನ್ನೂ ಬೇಗ. ಹೀಗೆ ಕೊಂದ ಮೀನು ಸಾರಿಗೂ ಒಳ್ಳೆಯದು. ಒದ್ದಾಡಿ ಸತ್ತ ಮೀನು ಬೇಗ ಸೆಟೆದುಕೊಂಡು ಮಾಂಸ ಮೆತ್ತಗಾಗುತ್ತದೆ. ರಕ್ತ ಹರಿಸಿದ ಮೀನಿಗೆ ವಾಸನೆ ಕಡಿಮೆ.

ಇದು ನಿಮ್ಮಿಂದ ಆಗದು ಅನ್ನಿಸಿದರೆ ತಿನ್ನಲು ಹಿಡಿಯಬೇಡಿ. ಅಂಗಡಿಯಲ್ಲಿ ಕೊಂಡುಕೊಳ್ಳಿ.

ಕೊರಮೀನು, ಚೇಳುಮೀನು, ಜಿಲೇಬಿ

ಕೊರಮೀನು, ಚೇಳುಮೀನು, ಇನ್ನೂ ಕೆಲವು ಕ್ಯಾಟ್‌ಫಿಶ್‌ಗಳು ಗಾಳಿಯನ್ನೂ ಉಸಿರಾಡಬಲ್ಲವು. ತೇವ ಇದ್ದರೆ ಗಂಟೆಗಟ್ಟಲೆ ಜೀವ ಹಿಡಿದಿರುತ್ತವೆ. 'ಮನೆಗೆ ಹೋಗುವವರೆಗೂ ಜೀವಂತ ಇತ್ತು, ತಾಜಾ' ಎಂದು ಹೆಮ್ಮೆಪಡುವವರು, ಅಷ್ಟೂ ಹೊತ್ತು ಅದು ಚೀಲದಲ್ಲಿ ಒದ್ದಾಡಿದ್ದನ್ನು ನೆನೆಯಬೇಕು. ಜೀವ ಇರುವಾಗಲೇ ಬೂದಿ, ಉಪ್ಪು ಹಾಕಿ ಕಲ್ಲಿಗೆ ಉಜ್ಜಿ ಲೋಳೆ ತೆಗೆಯುವ ರೂಢಿ ಅಡುಗೆಮನೆಗಳಲ್ಲಿದೆ. ದಯವಿಟ್ಟು ಕೊಂದ ಮೇಲೆ ಉಜ್ಜಿ. ಲೋಳೆ ಅಷ್ಟೇ ಚೆನ್ನಾಗಿ ಹೋಗುತ್ತದೆ. ಕ್ಯಾಟ್‌ಫಿಶ್ ತಲೆಬುರುಡೆ ತುಂಬಾ ಗಟ್ಟಿ, ಸಾಮಾನ್ಯ ಏಟಿಗೆ ಅರಿವು ತಪ್ಪುವುದಿಲ್ಲ. ಅದಕ್ಕೆ ಭಾರವಾದ ತುಂಡೇ ಬೇಕು. ಚೇಳುಮೀನಿನ ಎದೆಯ ಪಕ್ಕದ ಮುಳ್ಳಿನಲ್ಲಿ ವಿಷವಿದೆ, ಕೈ ಜೋಪಾನ.

ಕೊರಮೀನು ಗಂಡು, ಹೆಣ್ಣು ಎರಡೂ ಸೇರಿ ಮರಿ ಕಾಯುತ್ತವೆ. ನೀರಿನ ಮೇಲೆ ಕೆಂಪಗೆ ಮಿಣಮಿಣ ಅನ್ನುವ ಮರಿಗಳ ಗುಂಪು ಕಂಡರೆ ಕೆಳಗೆ ತಾಯಿ ತಂದೆ ಇದ್ದಾವೆ ಎಂದು ಅರ್ಥ. ಹತ್ತಿರ ಏನೇ ಬಿದ್ದರೂ ಮರಿ ಉಳಿಸಲು ಎರಗುತ್ತವೆ. ಕೆಲವರು ಇದನ್ನೇ ಹುಡುಕಿಕೊಂಡು ಹೋಗಿ ಗಾಳ ಹಾಕುತ್ತಾರೆ. ದೊಡ್ಡ ಮೀನು ಹೋದರೆ ಮರಿಗಳನ್ನು ಬೇರೆ ಮೀನು, ಹಕ್ಕಿಗಳು ಸ್ವಲ್ಪ ಹೊತ್ತಿನಲ್ಲೇ ಮುಗಿಸುತ್ತವೆ. ಮರಿಗುಂಪು ಕಂಡ ಕಡೆ ಗಾಳ ಬೇಡ. ಇದರಲ್ಲಿ ರಾಜಿ ಇಲ್ಲ.

ಜಿಲೇಬಿ ಮೀನು (ತಿಲಾಪಿಯಾ) 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು, ಈಗ ಎಲ್ಲ ಕೆರೆಯಲ್ಲೂ ತುಂಬಿದೆ. ತಿನ್ನಲು ಹಿಡಿಯುವವರು ಇದನ್ನೇ ಹಿಡಿಯಿರಿ ಎನ್ನುತ್ತೇನೆ. ಊರಿನ ಮೀನುಗಳ ಮೇಲಿನ ಒತ್ತಡ ಅಷ್ಟು ಕಡಿಮೆಯಾಗುತ್ತದೆ. ಹೆಣ್ಣು ಜಿಲೇಬಿ ಮೊಟ್ಟೆ, ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ. ಹಾಗಾಗಿ ಹಿಡಿದಾಗ ಬಾಯಿಂದ ಮರಿ ಉದುರಿದರೆ ಗಾಬರಿ ಬೇಡ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದೇ ಭಾರತದಲ್ಲಿ ನಿಷೇಧ. ಅದು ಸಿಕ್ಕರೆ ಕೆರೆಗೆ ವಾಪಸ್ ಬಿಡಬೇಡಿ, ಕೊಂದು ಗುತ್ತಿಗೆದಾರರಿಗೆ ತಿಳಿಸಿ. ಯಾವ ಮೀನನ್ನೂ ಒಂದು ಕೆರೆಯಿಂದ ಹಿಡಿದು ಇನ್ನೊಂದಕ್ಕೆ ಬಿಡಬೇಡಿ. ಅಕ್ವೇರಿಯಂ ಮೀನನ್ನೂ ಅಷ್ಟೇ.

ಕೋಡಿ ಬಿದ್ದಾಗ

ಮಳೆ ಚೆನ್ನಾಗಿ ಬಂದು ಕೋಡಿ ಬಿದ್ದರೆ ಊರೇ ಅಲ್ಲಿ ಸೇರುತ್ತದೆ. ಹೊಸನೀರಿಗೆ ಎದುರಾಗಿ ಮೀನು ಹತ್ತುತ್ತವೆ. ಅವುಗಳಲ್ಲಿ ಬಹಳಷ್ಟು ಮೊಟ್ಟೆ ತುಂಬಿದವು, ಮೊಟ್ಟೆಯಿಡಲು ಜಾಗ ಹುಡುಕಿ ಹೊರಟವು. ನಾಲ್ಕೈದು ವರ್ಷಕ್ಕೊಮ್ಮೆ ತುಂಬುವ ನಮ್ಮ ಬಯಲುಸೀಮೆ ಕೆರೆಗಳಲ್ಲಿ ಆ ಕೆಲವು ದಿನಗಳೇ ಊರಿನ ಮೀನಿನ ವಂಶ ಉಳಿಯುವ ದಿನಗಳು. ಆಗ ಗಾಳ, ಬಲೆ, ಸೊಳ್ಳೆಪರದೆ ಯಾವುದೂ ಬೇಡ. ನಿಂತು ನೋಡಿ. ಮಾರ್ಕೋನಹಳ್ಳಿಯಲ್ಲಂತೂ ನೀರು ಮಟ್ಟ ಏರಿದಾಗ ಹೆಚ್ಚಿನ ನೀರನ್ನು ಹೊರಬಿಡುವ ಸೈಫನ್‌ಗಳು ತಾವಾಗಿಯೇ ತೆರೆದುಕೊಂಡು ಒಮ್ಮೆಲೇ ನೀರು ನುಗ್ಗುತ್ತದೆ. ಅದರ ಕೆಳಗೆ ಇಳಿಯಲೇಬೇಡಿ.

ಹೊರಡುವ ಮುಂಚೆ

ತುಂಡು ದಾರ ಎಲ್ಲ ಆರಿಸಿಕೊಳ್ಳಿ. ಬೇರೆಯವರು ಬಿಟ್ಟಿದ್ದನ್ನೂ ಸೇರಿಸಿ. ನೈಲಾನ್ ನೀರಲ್ಲಿ ಬಹಳ ವರ್ಷ ಕೊಳೆಯದೆ ಉಳಿಯುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡು ಊರಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಮರಿಗಳಿಗೆ ಮೀನು ಒಯ್ಯುವುದು ಸುತ್ತಲಿನ ಕೆರೆಗಳಿಂದಲೇ. ಅಲ್ಲಿನ ಜನ ಆ ಹಕ್ಕಿಗಳನ್ನು ಅಕ್ಕರೆಯಿಂದ ಕಾಯುತ್ತಾರೆ. ನಾವು ಬಿಟ್ಟ ದಾರ ಅವುಗಳ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರು ಯಾರೂ ಇರುವುದಿಲ್ಲ. ದಾರವನ್ನು ಬೆರಳುದ್ದಕ್ಕೆ ಕತ್ತರಿಸಿ ಡಬ್ಬಿಗೆ ಹಾಕಿ ಮನೆಗೆ ಒಯ್ಯಿರಿ. ಮೀನು ಹಸನು ಮಾಡಿದ ಕಸವನ್ನು ನೀರಿಗೆ ಹಾಕದೆ ದೂರದಲ್ಲಿ ಮಣ್ಣಿನಲ್ಲಿ ಹೂಳಿ.

ಮಕ್ಕಳನ್ನು ಕರೆದೊಯ್ದರೆ ಇದೆಲ್ಲವನ್ನೂ ಅವರ ಕಣ್ಣೆದುರೇ ಮಾಡಿ. ಕೈ ಒದ್ದೆ ಮಾಡ್ಕೊ, ದಾರ ಎತ್ಕೊ ಎಂದು ಹೇಳಿಕೊಟ್ಟರೆ ಅವರು ನಮಗಿಂತ ಬೇಗ ಕಲಿಯುತ್ತಾರೆ. ಕೊಲ್ಲುವಾಗ ನೋಡಲು ಮಗುವಿಗೆ ಇಷ್ಟ ಇಲ್ಲದಿದ್ದರೆ ಬಲವಂತ ಬೇಡ.

ಎಂದಾದರೂ ಕೆರೆಯಲ್ಲಿ ಮೀನುಗಳು ರಾಶಿರಾಶಿ ಸತ್ತು ತೇಲುತ್ತಿದ್ದರೆ ಅವನ್ನು ಆರಿಸಿಕೊಂಡು ತಿನ್ನಬೇಡಿ, ಮಾರುವವರಿಗೂ ಬಿಡಬೇಡಿ. ಆಮ್ಲಜನಕ ಕಡಿಮೆಯಾಗಿರಬಹುದು, ವಿಷವೂ ಸೇರಿರಬಹುದು. ಗುತ್ತಿಗೆದಾರರಿಗೆ, ಪಂಚಾಯಿತಿಗೆ, ಮೀನುಗಾರಿಕೆ ಇಲಾಖೆಗೆ ಅವತ್ತೇ ತಿಳಿಸಿ. ಫೋಟೋ, ಹೊತ್ತು, ನೀರಿನ ಬಣ್ಣ, ಯಾವ ಕಾಲುವೆಯಿಂದ ಏನು ಹರಿದು ಬರುತ್ತಿದೆ ಅನ್ನುವುದನ್ನು ಬರೆದುಕೊಂಡು ಕೊಡಿ. ದನಕರುಗಳಿಗೆ ಆ ನೀರು ಕುಡಿಸಬೇಡಿ ಎಂದು ಊರಲ್ಲಿ ಹೇಳಿ ಹೊರಡಿ.